ಗಡಿ ಅಳಿದ ಊರು

ಗಡಿಯೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ದೂರದೇಶಗಳಿಗೆ ಹಾರುವುದು ವಾಡಿಕೆ. ಇತಿಹಾಸದ ವಿದ್ಯಾರ್ಥಿಗಳಾದ ನಾವು ಆಲ್ಸೇಸ್ ಮತ್ತು ಲೊರೇನ್ ಪ್ರಾಂತಗಳ ಕಥೆಯನ್ನು ಆಸಕ್ತಿಯಿಂದ ಓದುತ್ತೇವೆ. 1871ರಲ್ಲಿ ಜರ್ಮನಿಯ ಪಾಲಾಗಿ, ಮೊದಲನೆಯ ಮಹಾಯುದ್ಧದ ತರುವಾಯ ಫ್ರಾನ್ಸಿಗೆ ಮರಳಿ, 1940ರಲ್ಲಿ ಮತ್ತೆ ಜರ್ಮನರ ವಶವಾಗಿ, ಎರಡನೆಯ ಯುದ್ಧ ಮುಗಿಯುವ ವೇಳೆಗೆ ಪುನಃ ಫ್ರಾನ್ಸಿನದಾದ ನಾಡು ಆಲ್ಸೇಸ್. ದೀರ್ಘಾಯುವಾದ ಒಬ್ಬ ರೈತನು ತನ್ನ ಹಿತ್ತಲಿನ ಬೇಲಿಯನ್ನು ದಾಟದೆಯೇ ನಾಲ್ಕು ಸಲ ದೊರೆತನದ ಬದಲಾವಣೆಯನ್ನು ಕಂಡಿರಬಹುದಲ್ಲವೆ ಎಂದು ಯೋಚಿಸಿದರೆ ಆಶ್ಚರ್ಯವಾಗುತ್ತದೆ. ಅಂತೆಯೇ ಲಕ್ಸೆಂಬರ್ಗ್ ದೇಶದಲ್ಲಿ, ಮೊಸೆಲ್ ನದಿಯ ದಂಡೆಯ ಮೇಲೆ, ಫ್ರಾನ್ಸಿಗೂ ಜರ್ಮನಿಗೂ ತಾಗಿಕೊಂಡಂತೆ ಶೆಂಗೆನ್ ಎಂಬ ಪುಟ್ಟ ಹಳ್ಳಿಯಿದೆ. 1985ರ ಜೂನ್ 14ರಂದು ಐದು ದೇಶಗಳು ಅಲ್ಲಿ ಮಾಡಿಕೊಂಡ ಒಪ್ಪಂದದಿಂದಾಗಿ, ತಪಾಸಣೆಯಿಲ್ಲದೆ ಗಡಿ ದಾಟುವ ಏರ್ಪಾಡಿಗೆಲ್ಲ ಆ ಹಳ್ಳಿಯ ಹೆಸರೇ ನಿಂತುಬಿಟ್ಟಿದೆ.

ಇವನ್ನೆಲ್ಲ ತಿಳಿಯುವುದು ಒಳ್ಳೆಯದೇ. ಆದರೆ ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮ ವಿಷಯದಲ್ಲಿ ನಿಜವಾಗಿದೆ. ನಾವು ಕುಳಿತು ಪಾಠ ಕೇಳುವ ಈ ಶಿವಮೊಗ್ಗೆಯಿಂದ ತೀರ್ಥಹಳ್ಳಿಯ ಮಾರ್ಗವಾಗಿ ಅರ್ಧ ದಿನದಲ್ಲಿ ಹೋಗಿ ನೋಡಬಹುದಾದ ಒಂದು ಗಡಿಯೂರು ನಮ್ಮ ಜಿಲ್ಲೆಯಲ್ಲೇ ಇದೆ. ಅದು ಆಗುಂಬೆ. 1799ರಿಂದ 1956ರವರೆಗೆ, ಎಂದರೆ 157 ವರ್ಷಗಳ ಕಾಲ, ಆ ಊರಿನ ಮಗ್ಗುಲಲ್ಲೇ ಒಂದು ರಾಜ್ಯ ಮುಗಿದು ಇನ್ನೊಂದು ರಾಜ್ಯ ಮೊದಲಾಗುತ್ತಿತ್ತು. ಈ ಸಂಗತಿಯನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು? ಒಂದು ವರ್ಷದ ಹಿಂದೆ ನಾನೂ ಅರಿಯೆ. ಅದು ನನಗೆ ತಿಳಿದುಬಂದ ಬಗೆಯನ್ನು ಮೊದಲು ಹೇಳಬೇಕು.

ವಿದ್ಯಾರ್ಥಿವೇತನಕ್ಕೆ ಬೇಕಾದ ಒಂದು ಪ್ರಮಾಣಪತ್ರಕ್ಕಾಗಿ ಮನೆಯ ಹಳೆಯ ಕಾಗದಗಳನ್ನು ಹುಡುಕಬೇಕಾಯಿತು. ಟ್ರಂಕಿನ ತಳದಲ್ಲಿ ನನ್ನ ಅಜ್ಜನ ಐದನೆಯ ತರಗತಿಯ ಬಿಡುಗಡೆ ಪತ್ರವೊಂದು ಸಿಕ್ಕಿತು. ಅದನ್ನು ಒಂದು ಕಚೇರಿಗೆ ಒಯ್ದು ತೋರಿಸಿದೆ. ಅಲ್ಲಿದ್ದವರು ಅದನ್ನು ಹಿಂದೆ ಮುಂದೆ ತಿರುವಿ ನೋಡಿ, "ನಿಮ್ಮ ಅಜ್ಜ ಹೊರರಾಜ್ಯದವರೇನಪ್ಪ?" ಎಂದು ಕೇಳಿದರು. ಪತ್ರದ ನೆತ್ತಿಯ ಮೇಲೆ ದಕ್ಷಿಣ ಕನ್ನಡ ಜಿಲ್ಲೆ, ಮದರಾಸು ರಾಜ್ಯ ಎಂದು ಇತ್ತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವನು ನಾನೇ ಮೊದಲಿಗ. ಈ ಪ್ರಶ್ನೆಗೆ ಏನು ಉತ್ತರ ಕೊಡಬೇಕೆಂದು ಮನೆಯಲ್ಲಿ ಯಾರಿಗೂ ತೋಚಲಿಲ್ಲ. ಅಜ್ಜ ಹುಟ್ಟಿದ ಹಳ್ಳಿ ಸೋಮೇಶ್ವರದಿಂದ ಆಚೆಗೆ, ಘಟ್ಟದ ಬುಡದಲ್ಲಿದೆ. 1954ರಲ್ಲಿ ಹದಿನಾರು ವರ್ಷದ ಹುಡುಗನಾಗಿ ಅವರು ಆಗುಂಬೆ ಘಟ್ಟವನ್ನು ಹತ್ತಿ, ಕೆಲಸ ಅರಸಿಕೊಂಡು ಭದ್ರಾವತಿಗೆ ಬಂದರು. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋಗುತ್ತಿದ್ದೇನೆಂಬುದು ಅವರಿಗೆ ತಿಳಿದಿತ್ತೋ ಇಲ್ಲವೋ, ಈಗ ಕೇಳಲು ಅವರಿಲ್ಲ. ಎರಡು ವರ್ಷ ಕಳೆದ ಮೇಲೆ ಬಿಟ್ಟುಬಂದ ಊರೂ ಸೇರಿದ ಊರೂ ಒಂದೇ ರಾಜ್ಯದೊಳಗಾದವು. ಕಾಗದ ಮಾತ್ರ ಹಳೆಯ ರಾಜ್ಯದಲ್ಲೇ ಉಳಿಯಿತು.

ಈ ಗಡಿ ಬಂದದ್ದಾದರೂ ಹೇಗೆ? ಅದು ದೇವರು ಎಳೆದ ಗೆರೆಯಲ್ಲ. ಘಟ್ಟವನ್ನು ಪ್ರಕೃತಿ ಮಾಡಿತು, ನಿಜ. ಆದರೆ ಘಟ್ಟವೇ ಗಡಿಯಾಗಬೇಕೆಂಬ ನಿಯಮವೇನೂ ಇರಲಿಲ್ಲ. ವಿಜಯನಗರದ ಕಾಲದಲ್ಲಿ ಈಗಿನ ತೀರ್ಥಹಳ್ಳಿ ತಾಲ್ಲೂಕಿನ ಆರಗವೂ, ಕೆಳಗಣ ಬಾರಕೂರು, ಮಂಗಳೂರುಗಳೂ ಒಂದೇ ಸಾಮ್ರಾಜ್ಯದ ರಾಜ್ಯಗಳಾಗಿದ್ದವು. ಆಮೇಲೆ ಬಂದ ಕೆಳದಿಯ ನಾಯಕರಂತೂ ಘಟ್ಟದ ಮೇಲೆ ಒಂದು ಕಾಲು, ಕಡಲಿನ ಬಳಿ ಇನ್ನೊಂದು ಕಾಲು ಊರಿ ಆಳಿದವರು. ಅವರ ರಾಜಧಾನಿಗಳಾದ ಕೆಳದಿ, ಇಕ್ಕೇರಿ, ಬಿದನೂರುಗಳು ಮಲೆನಾಡಿನಲ್ಲಿದ್ದವು. ಬೊಕ್ಕಸಕ್ಕೆ ಹಣ ತರುತ್ತಿದ್ದ ಬಂದರುಗಳು ಕರಾವಳಿಯಲ್ಲಿದ್ದವು. ಮೆಣಸೂ ಅಕ್ಕಿಯೂ ಆ ಬಂದರುಗಳಿಂದಲೇ ಹಡಗೇರುತ್ತಿದ್ದವು. ಶಿವಪ್ಪನಾಯಕನ ಶಿಸ್ತೆಂದು ಹೆಸರಾದ ಕಂದಾಯದ ಕಟ್ಟಳೆ ಘಟ್ಟದ ಮೇಲೂ ಕೆಳಗೂ ನಡೆಯಿತು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗಲೂ ಮೇಲಿನ ಸೀಮೆ ಕೆಳಗಿನ ಸೀಮೆಗಳೆರಡೂ ಒಟ್ಟಿಗೇ ಅವನ ಕೈಸೇರಿದವು.

ಬೇರ್ಪಡೆ ಬಂದದ್ದು 1799ರಲ್ಲಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಗೆದ್ದವರು ಅವನ ರಾಜ್ಯವನ್ನು ಹಂಚಿಕೊಂಡರು. ಮಲೆನಾಡು ಮೈಸೂರಿನ ಒಡೆಯರಿಗೆ ಉಳಿಯಿತು; ಕಡಲ ತೀರದ ಕನ್ನಡ ಸೀಮೆ ಕಂಪೆನಿಯ ಸರಕಾರಕ್ಕೆ ಹೋಯಿತು. ಕಂಪೆನಿಯ ಕಣ್ಣು ಬಂದರುಗಳ ಮೇಲಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 1862ರಲ್ಲಿ ಆ ಸೀಮೆಯನ್ನೂ ಒಡೆದು ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ದಕ್ಷಿಣ ಕನ್ನಡ ಮದರಾಸಿನಲ್ಲೇ ನಿಂತಿತು. ಹೀಗೆ ಒಂದು ಕಾಲಕ್ಕೆ ಕೆಳದಿಯ ಒಂದೇ ಛತ್ರದಡಿಯಿದ್ದ ಜನ ಮೈಸೂರು, ಮುಂಬಯಿ, ಮದರಾಸು ಎಂಬ ಮೂರು ಸರಕಾರಗಳ ಪ್ರಜೆಗಳಾದರು. ನಮ್ಮ ಜಿಲ್ಲೆಗೆ ಸಾಗರದ ಕಡೆ ಮುಂಬಯಿ ನೆರೆ, ಆಗುಂಬೆಯ ಕಡೆ ಮದರಾಸು ನೆರೆ.

ಗೆರೆ ಬಿದ್ದ ಮೇಲೆ ಬದುಕಿನಲ್ಲಿ ಏನು ವ್ಯತ್ಯಾಸವಾಯಿತು? ಆಗುಂಬೆಯವನು ದೊಡ್ಡ ವ್ಯಾಜ್ಯವನ್ನು ಒಯ್ಯಬೇಕಾದರೆ ಬೆಂಗಳೂರಿನ ದಾರಿ. ಒಂದು ಹಗಲಿನ ನಡಿಗೆಯ ಕೆಳಗಿದ್ದ ಸೋಮೇಶ್ವರದವನಿಗೆ ಮದರಾಸಿನ ದಾರಿ. ಮೇಲಿನವನ ಹುಡುಗ ಚೆನ್ನಾಗಿ ಓದಿದರೆ 1916ರ ಬಳಿಕ ಮೈಸೂರು ವಿಶ್ವವಿದ್ಯಾನಿಲಯ. ಕೆಳಗಿನವನ ಹುಡುಗನಿಗೆ ಮದರಾಸು ವಿಶ್ವವಿದ್ಯಾನಿಲಯ. ಮೇಲೆ ಖಂಡುಗ ಕೊಳಗಗಳ ಲೆಕ್ಕ, ಕೆಳಗೆ ಅಕ್ಕಿ ಮುಡಿಯ ಲೆಕ್ಕ. ಮೇಲೆ ಮಹಾರಾಜರ ಹುಟ್ಟುಹಬ್ಬ, ಕೆಳಗೆ ನೇರವಾಗಿ ಬ್ರಿಟಿಷರ ದೊರೆತನ. 1831ರಿಂದ 1881ರವರೆಗೆ ಮೈಸೂರಿನ ಆಡಳಿತವೂ ಬ್ರಿಟಿಷರ ಕೈಯಲ್ಲೇ ಇತ್ತು. ಅದಕ್ಕೆ ಕಾರಣವಾದ ನಗರದ ದಂಗೆ ನಡೆದದ್ದು ನಮ್ಮ ಈ ಮಲೆನಾಡಿನಲ್ಲೇ. ಆ ಐವತ್ತು ವರ್ಷ ಎರಡೂ ಕಡೆ ಒಬ್ಬರೇ ಆಳಿದರೂ ಗೆರೆಯನ್ನು ಮಾತ್ರ ಅಳಿಸಲಿಲ್ಲ.

ಇದನ್ನೆಲ್ಲ ಪುಸ್ತಕಗಳಿಂದ ಕೂಡಿಸಿಕೊಂಡು ನಾನು ನನ್ನ ಅಜ್ಜಿಯ ಬಳಿಗೆ ಹೋದೆ. ಅಜ್ಜಿಯ ತವರು ಆಗುಂಬೆಯ ಸಮೀಪದ ಒಂದು ಹಳ್ಳಿ. ಅವರ ಅಕ್ಕನನ್ನು ಘಟ್ಟದ ಕೆಳಕ್ಕೆ ಕೊಟ್ಟಿತ್ತು. "ಅಜ್ಜಿ, ಆಗ ಅಲ್ಲಿ ರಾಜ್ಯದ ಗಡಿ ಇತ್ತಂತಲ್ಲ, ನಿಮಗೆ ಜ್ಞಾಪಕ ಇದೆಯಾ?" ಎಂದು ಕೇಳಿದೆ. ಅವರು ಅಡಕೆ ಕತ್ತರಿಸುವುದನ್ನು ನಿಲ್ಲಿಸದೆ, "ಘಟ್ಟ ಇತ್ತು ಮಗಾ, ಮಳೆ ಇತ್ತು, ಇಂಬಳ ಇತ್ತು. ಗಡಿ ಎಲ್ಲಿತ್ತೋ ನಾ ಕಾಣೆ" ಎಂದರು. ಕೆಳಗಿನಿಂದ ಉಪ್ಪು, ಒಣಮೀನು, ತೆಂಗಿನಕಾಯಿ ತಲೆಹೊರೆಯಲ್ಲಿ ಮೇಲೆ ಬರುತ್ತಿದ್ದವಂತೆ. ಸುಗ್ಗಿ ಮುಗಿದ ಮೇಲೆ ಕೆಳಗಿನ ಮೇಳಗಳು ಬಂದು ರಾತ್ರಿಯಿಡೀ ಆಟ ಆಡುತ್ತಿದ್ದವಂತೆ. ಮಂದಾರ್ತಿಯ ಮೇಳದ ಹರಕೆಯಾಟವನ್ನು ತೀರ್ಥಹಳ್ಳಿಯ ಕಡೆಯವರು ಈಗಲೂ ಆಡಿಸುತ್ತಾರೆ. ದೇವಿಗೆ ಹರಕೆ ಹೊತ್ತವರು ಅವಳು ಯಾವ ಜಿಲ್ಲೆಯವಳೆಂದು ವಿಚಾರಿಸಲಿಲ್ಲ. ನಾಟಿಗೂ ಕೊನೆಕೊಯ್ಲಿಗೂ ಕೆಳಗಿನ ಆಳುಗಳು ಬರುತ್ತಿದ್ದರು. ಕುವೆಂಪು ಅವರ ಕಾದಂಬರಿಗಳನ್ನು ಓದಿದವರಿಗೆ ಘಟ್ಟದ ತಗ್ಗಿನಿಂದ ಬಂದ ಈ ಜನ ಅಪರಿಚಿತರಲ್ಲ.

ಅಜ್ಜಿಯ ಮಾತು ಕೇಳಿ ನನಗೆ ಹಿಗ್ಗಾಯಿತು. ಸರಕಾರಗಳು ಎಳೆದ ಗೆರೆಯನ್ನು ಜನ ಲೆಕ್ಕಿಸಲೇ ಇಲ್ಲ, ಗಡಿಯೆಂಬುದು ನಕ್ಷೆಯ ಭ್ರಮೆ ಎಂದು ಒಂದು ಸೊಗಸಾದ ಪ್ರಬಂಧ ಬರೆದುಬಿಡೋಣವೆಂದುಕೊಂಡೆ. ಆದರೆ ಮಾತು ಮುಂದುವರಿದಂತೆ ಅದು ಅಷ್ಟು ಸುಲಭವಲ್ಲವೆಂದು ಗೊತ್ತಾಯಿತು. ಅಜ್ಜನೊಡನೆ ತಮ್ಮ ಮದುವೆಯ ಮಾತು ಬಂದಾಗ ತವರಿನಲ್ಲಿ ಎರಡು ತಿಂಗಳು ಒಪ್ಪಲಿಲ್ಲವಂತೆ. ಕಾರಣವೇನೆಂದರೆ, "ಅವರು ಘಟ್ಟದ ಕೆಳಗಿನವರು." ಒಕ್ಕಲು ಒಂದೇ, ನಡೆವಳಿಕೆ ಒಂದೇ. ಅಷ್ಟೇ ಏಕೆ, ಅಕ್ಕನನ್ನು ಕೊಟ್ಟದ್ದೂ ಕೆಳಕ್ಕೇ. ಆದರೂ ಆ ಮಾತು ಬಂತು. ಮಾತಿನ ಎಳೆತ ಬೇರೆ, ಊಟದ ರುಚಿ ಬೇರೆ, ಕೂಲಿಗೆ ಬಂದವರ ಕಡೆಯವರು ಎಂಬ ತಾತ್ಸಾರ ಬೇರೆ. ಅಜ್ಜಿ ಇದನ್ನು ಹೇಳುವಾಗ ಮದುವೆಯಾಗಿ ಅರವತ್ತು ವರ್ಷಕ್ಕೆ ಹತ್ತಿರ. ಈಗಲೂ ಅಜ್ಜನ ಕಡೆಯ ನೆಂಟರು ಬಂದುಹೋದ ಮೇಲೆ ಅವರ ಬಾಯಲ್ಲಿ, ತುಸು ನಗುತ್ತಲೇ, ಆ ಮಾತು ಬರುವುದುಂಟು.

ಇಲ್ಲಿಂದಲೇ ನನ್ನ ಅಭಿಪ್ರಾಯ ಹುಟ್ಟಿತು. ಗಡಿಗಳು ಎರಡು ಬಗೆ. ಒಂದನ್ನು ಆಳುವವರು ಎಳೆಯುತ್ತಾರೆ. ಅದು ಬರುವುದಕ್ಕೂ ಹೋಗುವುದಕ್ಕೂ ತಾರೀಖಿರುತ್ತದೆ. ಇನ್ನೊಂದನ್ನು ನಾವೇ ನಾಲಗೆಯ ಮೇಲೆ ಇಟ್ಟುಕೊಳ್ಳುತ್ತೇವೆ, ಅದಕ್ಕೆ ತಾರೀಖಿಲ್ಲ. ಮೊದಲನೆಯದನ್ನು ಜನ ದಿನವೂ ದಾಟುತ್ತಿದ್ದರು. ಎರಡನೆಯದನ್ನು ದಾಟಿದ ಮೇಲೂ ಮನಸ್ಸಿನಿಂದ ತೆಗೆಯಲಿಲ್ಲ. ಗಡಿಯೂರಿನವರ ವಿಶೇಷವೇನೆಂದರೆ ಈ ಎರಡನ್ನೂ ಅವರು ಹತ್ತಿರದಿಂದ ಕಂಡವರು. ಕೆಳಗಿನವರನ್ನು ಕುರಿತು ಅವರು ಆಡುವ ಮಾತಿನಲ್ಲಿ ಕೊಂಕಿರಬಹುದು, ಅಜ್ಞಾನವಿಲ್ಲ. ಇಬ್ಬರ ಭಾಷೆ, ಅಳತೆ, ಹಬ್ಬಗಳನ್ನು ಬಲ್ಲವರ ಕೊಂಕು ಅದು. ಆಗುಂಬೆಯ ನಿಜವಾದ ಗುರುತೆಂದರೆ ಈ ಎರಡು ಕಡೆಯ ತಿಳಿವಳಿಕೆಯೇ ಎಂದು ನನ್ನ ನಂಬಿಕೆ.

1956ರ ನವೆಂಬರ್ 1ರಂದು ಆಳುವವರ ಗೆರೆ ಅಳಿಯಿತು. ಪ್ರತಿ ವರ್ಷ ಆ ದಿನ ನಾವು ಬಾವುಟ ಏರಿಸಿ ಹಾಡುತ್ತೇವೆ. ಭಾಷಣಗಳಲ್ಲಿ ಹುಬ್ಬಳ್ಳಿ ಧಾರವಾಡಗಳ ಏಕೀಕರಣದ ಹೋರಾಟ ಬರುತ್ತದೆ, ಬರಲೇಬೇಕು. ಆದರೆ ಅಂದು ನಮ್ಮ ಜಿಲ್ಲೆಯ ಅಂಚಿನಲ್ಲೇ, ಸಾಗರದ ಆಚೆಯಲ್ಲೂ ಆಗುಂಬೆಯ ಕೆಳಗೂ, ಒಂದು ಗಡಿ ಇಲ್ಲವಾಯಿತೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಗೆರೆ ಪೂರ್ತಿಯಾಗಿ ಅಳಿಯಿತೆಂದೂ ಹೇಳುವಂತಿಲ್ಲ. 1964ರ ಭೂಕಂದಾಯ ಕಾಯ್ದೆಯ 79ನೆಯ ಕಲಮನ್ನು ತೆರೆದು ನೋಡಿ. ಹಳೆಯ ಮೈಸೂರಿನ ಕಡೆ ಕಾನು ಮತ್ತು ಸೊಪ್ಪಿನಬೆಟ್ಟ, ದಕ್ಷಿಣ ಕನ್ನಡದಲ್ಲಿ ಕುಮ್ಕಿ, ಉತ್ತರ ಕನ್ನಡದಲ್ಲಿ ಬೆಟ್ಟ ಮತ್ತು ಹಾಡಿ, ಹೀಗೆ ಆಯಾ ಪ್ರದೇಶದ ರೈತನಿಗೆ ಕಾಡಿನ ಅಂಚಿನ ಜಮೀನಿನಲ್ಲಿದ್ದ ಸವಲತ್ತುಗಳನ್ನು ಬೇರೆ ಬೇರೆ ಹೆಸರಿನಲ್ಲಿ ಉಳಿಸಿಕೊಟ್ಟಿದೆ. ತೋಟಕ್ಕೆ ಸೊಪ್ಪು, ಒಲೆಗೆ ಸೌದೆ, ಬೇಕಾದದ್ದು ಮೇಲಿನವನಿಗೂ ಕೆಳಗಿನವನಿಗೂ ಒಂದೇ. ಆದರೆ ಮೇಲಿನವನು ಸೊಪ್ಪಿನಬೆಟ್ಟದ ಹಕ್ಕನ್ನು ಹೇಳುತ್ತಾನೆ, ಕೆಳಗಿನವನು ಕುಮ್ಕಿಯ ಹಕ್ಕನ್ನು ಹೇಳುತ್ತಾನೆ. 1799ರ ಹಂಚಿಕೆ ಇಂದಿಗೂ ತಹಸೀಲ್ದಾರರ ಕಡತದಲ್ಲಿ ಜೀವಂತವಾಗಿದೆ. ಇತಿಹಾಸವು ಸತ್ತವರ ವಿಷಯವೆನ್ನುವ ನಮ್ಮ ಗೆಳೆಯರು ಇದನ್ನು ಗಮನಿಸಬೇಕು.

ಅದೇ ದಿನ ಇನ್ನೊಂದು ಕಡೆ ಹೊಸ ಗೆರೆ ಬಿತ್ತೆಂಬುದನ್ನೂ ಮರೆಯಲಾಗದು. ದಕ್ಷಿಣ ಕನ್ನಡದ ಭಾಗವಾಗಿದ್ದ ಕಾಸರಗೋಡು ಅಂದು ಕೇರಳಕ್ಕೆ ಸೇರಿತು. ಗೋವಿಂದ ಪೈಗಳ ಮಂಜೇಶ್ವರ ಗಡಿಯೂರಾಯಿತು. ಚಂದ್ರಗಿರಿ ನದಿಯ ಉತ್ತರದ ಭಾಗವು ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗವು 1967ರಲ್ಲಿ ಹೇಳಿದರೂ ಅದು ನಡೆಯಲಿಲ್ಲ. ಕಯ್ಯಾರ ಕಿಞ್ಞಣ್ಣ ರೈಗಳು ಆ ಬೇಡಿಕೆಯನ್ನು ಕೊನೆಯವರೆಗೂ ಎತ್ತಿಹಿಡಿದು, 2015ರಲ್ಲಿ ನೂರು ವರ್ಷ ತುಂಬಿ ತೀರಿಕೊಂಡರು. ಗಡಿ ಬಿದ್ದ ಊರಿನವರು ತಮ್ಮ ನುಡಿಯನ್ನೂ ಕಥೆಯನ್ನೂ ನೆನೆಯದೆ ಒಂದು ದಿನವನ್ನೂ ಕಳೆಯುವಂತಿಲ್ಲ. ಶಾಲೆಯಲ್ಲಿ, ಕಚೇರಿಯಲ್ಲಿ, ನೆನೆಯಲೇಬೇಕಾಗುತ್ತದೆ. ಗಡಿ ಅಳಿದ ಊರಿನವರಿಗೆ ಆ ಕಷ್ಟವಿಲ್ಲ. ಸುಖದಲ್ಲಿರುವವರು ಮರೆಯುತ್ತಾರೆ. ಆಗುಂಬೆ ಹೀಗೆ ಮರೆತ ಊರು.

ಮರೆತುದರ ಜಾಗದಲ್ಲಿ ಈಗ ಬೇರೆ ಗುರುತುಗಳು ಬಂದಿವೆ. ಆಗುಂಬೆಯೆಂದರೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಬೀಳುವ ಮಳೆ; ಆಗುಂಬೆಯೆಂದರೆ ಸೂರ್ಯಾಸ್ತ; ಆಗುಂಬೆಯೆಂದರೆ ಶಂಕರ್‌ನಾಗ್ ಅವರು ಚಿತ್ರಿಸಿದ ಮಾಲ್ಗುಡಿ. ಇವೆಲ್ಲ ಹೆಮ್ಮೆಯ ವಿಷಯಗಳೇ. ಆದರೆ ಮಾಲ್ಗುಡಿ ಎಂಬುದು ಆರ್. ಕೆ. ನಾರಾಯಣರು ಕಲ್ಪಿಸಿದ ಊರು. ಎಲ್ಲಿಯೂ ಇಲ್ಲದ ಊರಿನ ಹೆಸರು ಹೇಳಿ, ಇರುವ ಊರನ್ನು ಗುರುತಿಸುವ ಸ್ಥಿತಿಗೆ ನಾವು ಬಂದಿದ್ದೇವೆ. ಸೂರ್ಯಾಸ್ತ ನೋಡಲು ಬಂದವರು ಪಶ್ಚಿಮಕ್ಕೆ ಮುಖಮಾಡಿ ನಿಂತು, ತಾವು ನೋಡುತ್ತಿರುವ ಆ ಕೆಳಗಿನ ಕಾಡು ಒಂದು ಕಾಲಕ್ಕೆ ಬೇರೆ ರಾಜ್ಯವೆಂದು ತಿಳಿಯದೆ ಹಿಂದಿರುಗುತ್ತಾರೆ.

ಇದರಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ನನ್ನ ಊರಾದ ಭದ್ರಾವತಿಯ ಉದಾಹರಣೆಯಿಂದ ಉತ್ತರ ಹೇಳುತ್ತೇನೆ. ಬೆಂಕಿಪುರವೆಂಬ ಸಣ್ಣ ಊರು 1923ರಲ್ಲಿ ಕಬ್ಬಿಣದ ಕಾರ್ಖಾನೆ ಮೊದಲಾದ ಮೇಲೆ ಪಟ್ಟಣವಾಗಿ ಬೆಳೆಯಿತು. ಮಲೆನಾಡಿನ ಕಾಡಿನ ಇದ್ದಲು, ಕೆಮ್ಮಣ್ಣುಗುಂಡಿಯ ಅದಿರು, ಜನರ ದುಡಿಮೆ, ಈ ಮೂರೂ ಸೇರಿ ಅಲ್ಲಿ ಕಬ್ಬಿಣವಾಯಿತು. ಆ ಜನ ಎಲ್ಲಿಂದ ಬಂದರು? ತಮಿಳರು, ತೆಲುಗರು, ಮಲೆಯಾಳಿಗಳು, ಬಯಲುಸೀಮೆಯವರು, ಘಟ್ಟದ ಕೆಳಗಿನವರು. ನಮ್ಮ ಕೇರಿಯ ಒಂದೊಂದು ಮನೆಯಲ್ಲೂ ಒಂದೊಂದು ಗಡಿ ದಾಟಿದ ಕಥೆಯಿದೆ. ಆದರೂ ಕಾಲೇಜಿನ ಹರಟೆಯಲ್ಲಿ, ಚುನಾವಣೆಯ ಬಿಸಿಯಲ್ಲಿ, ಕೆಲಸದ ಪೈಪೋಟಿಯಲ್ಲಿ, "ಅವರು ಇಲ್ಲಿನ ಮೂಲದವರಲ್ಲ" ಎಂಬ ಮಾತು ಎಷ್ಟು ಸಲೀಸಾಗಿ ಬರುತ್ತದೆ! ಆಡುವವನ ಅಜ್ಜನೂ ಯಾವುದೋ ಘಟ್ಟ ಹತ್ತಿಯೋ ಇಳಿದೋ ಬಂದವನೇ. ಅಜ್ಜನ ದಾರಿ ಗೊತ್ತಿಲ್ಲದ ಕಾರಣದಿಂದಲೇ ಮೊಮ್ಮಗನಿಗೆ ಆ ಧೈರ್ಯ. ನಾನೂ ಆ ಮಾತನ್ನು ಆಡಿದ್ದೇನೆಂದು ಒಪ್ಪಿಕೊಳ್ಳುತ್ತೇನೆ. ಕಚೇರಿಯಲ್ಲಿ ಅದೇ ಮಾತು ಪ್ರಶ್ನೆಯ ರೂಪದಲ್ಲಿ ನನ್ನತ್ತ ತಿರುಗಿದಾಗ ಅದರ ರುಚಿ ತಿಳಿಯಿತು.

ಆದುದರಿಂದ ನನ್ನದೊಂದು ಸಲಹೆಯಿದೆ. ನಮ್ಮ ಕಾಲೇಜಿಗೆ ಹೊಸನಗರ, ತೀರ್ಥಹಳ್ಳಿ, ಸಾಗರ, ಸೊರಬ, ಶಿಕಾರಿಪುರಗಳ ಹಳ್ಳಿಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಹಳೆಯ ಗಡಿಗೆ ಹತ್ತಿರದ ಹಳ್ಳಿಗಳವರೂ ಅವರಲ್ಲಿದ್ದಾರೆ. ಒಬ್ಬೊಬ್ಬರೂ ರಜೆಯಲ್ಲಿ ತಮ್ಮ ಊರಿನ ಒಬ್ಬ ಹಿರಿಯರನ್ನು ಕೇಳಿ ನಾಲ್ಕು ಪುಟ ಬರೆದು ತರಲಿ. ಕೇಳಬೇಕಾದ ಪ್ರಶ್ನೆಗಳು ಕಠಿಣವಲ್ಲ. ಸಂತೆಗೆ ಎಲ್ಲಿಗೆ ಹೋಗುತ್ತಿದ್ದಿರಿ? ಯಾವ ಅಳತೆಯಲ್ಲಿ ಕೊಳ್ಳುತ್ತಿದ್ದಿರಿ? ಹೆಣ್ಣನ್ನು ಯಾವ ಕಡೆಗೆ ಕೊಡುತ್ತಿದ್ದಿರಿ, ಯಾವ ಕಡೆಗೆ ಕೊಡುತ್ತಿರಲಿಲ್ಲ? ಹರಕೆ ಯಾವ ದೇವರಿಗೆ? ವ್ಯಾಜ್ಯ ಎಲ್ಲಿಗೆ? 1956ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತರ ಆಸುಪಾಸು. ಆ ಗಡಿಯನ್ನು ಕಣ್ಣಾರೆ ಕಂಡವರ ಕೊನೆಯ ತಲೆಮಾರು ಅದು. ಇನ್ನು ಹತ್ತು ವರ್ಷ ತಡೆದರೆ ಕೇಳಲು ಯಾರೂ ಉಳಿಯುವುದಿಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮುದುಕರ ಮಾತು ಇತಿಹಾಸವಲ್ಲ ಎಂಬುದು ಒಂದು. ಹೌದು, ಅದಷ್ಟೇ ಇತಿಹಾಸವಲ್ಲ. ನನ್ನ ಅಜ್ಜಿಯೇ ಗಡಿ ಇರಲಿಲ್ಲವೆಂದು ಹೇಳಿ, ಮರುಗಳಿಗೆಯಲ್ಲಿ ಅದನ್ನು ತೋರಿಸಿಕೊಟ್ಟರು. ಆದರೆ ಅರಸರ ಕಡತಗಳನ್ನೂ ತಾಳೆಗರಿಗಳನ್ನೂ ಕಾಪಾಡಲು ಕೆಳದಿಯಲ್ಲಿ ವಸ್ತುಸಂಗ್ರಹಾಲಯವಿದೆ. ಶಿಲ್ಪ ಶಾಸನಗಳಿಗೆ ಇದೇ ಊರಿನ ಶಿವಪ್ಪನಾಯಕನ ಅರಮನೆಯಿದೆ. ತಲೆಹೊರೆಯಲ್ಲಿ ಉಪ್ಪು ತಂದವರ ನೆನಪಿಗೆ ಯಾವ ಅರಮನೆಯೂ ಇಲ್ಲ. ಬರೆದಿಟ್ಟರೆ ದಾಖಲೆಯೊಡನೆ ಹೋಲಿಸಿ ನೋಡಬಹುದು. ಬರೆಯದೆ ಹೋದರೆ ಹೋಲಿಸುವುದಕ್ಕೂ ಏನೂ ಇರದು. ಹಳೆಯ ಗಡಿಗಳನ್ನು ಕೆದಕಿದರೆ ಹಳೆಯ ಭೇದಗಳು ಎದ್ದಾವು ಎಂಬುದು ಇನ್ನೊಂದು ಆಕ್ಷೇಪ. ಭೇದಗಳು ಮಲಗಿದ್ದರೆ ತಾನೆ ಏಳುವುದು? ಅವು ನಮ್ಮ ನಾಲಗೆಯ ಮೇಲೆ ಎಚ್ಚರವಾಗಿಯೇ ಇವೆ. ಅವುಗಳ ವಯಸ್ಸೆಷ್ಟು, ತಂದವರಾರು ಎಂಬುದು ತಿಳಿದರೆ ಅವುಗಳ ಗತ್ತು ತುಸು ಇಳಿಯುತ್ತದೆ.

ಅಜ್ಜನ ಕಾಗದದ ವಿಷಯ ಏನಾಯಿತೆಂದು ಓದುಗರು ಕೇಳಬಹುದು. ರಾಜ್ಯ ಪುನರ್ವಿಂಗಡಣೆಯ ವಿವರವನ್ನು ನಾನೇ ಒಂದು ಅರ್ಜಿಯಲ್ಲಿ ಬರೆದು ಕೊಟ್ಟೆ. ಮೂರು ಸಲ ತಿರುಗಿದ ಮೇಲೆ ಪ್ರಮಾಣಪತ್ರ ದೊರೆಯಿತು. ಬಿ.ಎ. ತರಗತಿಯ ಇತಿಹಾಸ ನನ್ನ ಮನೆಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಅಜ್ಜಿಯ ಮಾತುಗಳನ್ನು ನಾಲ್ಕು ಪುಟಗಳಲ್ಲಿ ಬರೆದು ಅಧ್ಯಾಪಕರಿಗೆ ಒಪ್ಪಿಸಿದ್ದೇನೆ. ಮುಂದಿನ ವರ್ಷ ನಾನು ಈ ಕಾಲೇಜಿನಲ್ಲಿ ಇರುವುದಿಲ್ಲ. ಆದರೆ ಮುಂದಿನ ಸಂಚಿಕೆಯಲ್ಲಿ ಸಾಗರದ ಕಡೆಯ, ಹೊಸನಗರದ ಕಡೆಯ, ಇನ್ನೂ ನಾನರಿಯದ ಊರುಗಳ ಪುಟಗಳನ್ನು ಓದುವೆನೆಂಬ ಆಸೆಯಿಟ್ಟುಕೊಂಡಿದ್ದೇನೆ.